ಕೋರ್ ಶಾಪಿನ ಘಾಟಿಗೆ ಸಕ್ರಿಯ ಇದ್ದಿಲು

ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೋಹ ಎರಕ ಹೊಯ್ಯುವ ಫೌಂಡ್ರಿಗಳಲ್ಲಿ ರಾಳ ಲೇಪಿಸಿದ ಮರಳನ್ನು ಬಿಸಿ ಅಚ್ಚಿಗೆ ತುಂಬಿ ಕೋರ್ (ಎರಕದೊಳಗೆ ಟೊಳ್ಳು ಬರಿಸಲು ಇಡುವ ಮರಳಿನ ಗಟ್ಟಿ) ತಯಾರಿಸುವಾಗ ಏಳುವ ಘಾಟಿನಲ್ಲಿ ಫೀನಾಲ್, ಅಮೋನಿಯಾ, ಫಾರ್ಮಾಲ್ಡಿಹೈಡ್ ಮೂರೂ ಬೆರೆತಿರುತ್ತವೆ. ಸಕ್ರಿಯ ಇದ್ದಿಲು, ಅಂದರೆ ಒಳಗೆ ಅಸಂಖ್ಯ ಸೂಕ್ಷ್ಮ ರಂಧ್ರಗಳಿರುವಂತೆ ಸಂಸ್ಕರಿಸಿದ ಇದ್ದಿಲು, ಫೀನಾಲನ್ನು ಚೆನ್ನಾಗಿ ಹಿಡಿಯುತ್ತದೆ. ಉಳಿದೆರಡು ಹಗುರ ಅನಿಲಗಳನ್ನು ರಾಸಾಯನಿಕ ಲೇಪವಿಲ್ಲದ ಸಾದಾ ಸಕ್ರಿಯ ಇದ್ದಿಲು ಹೆಚ್ಚು ಹೊತ್ತು ಹಿಡಿದಿಡಲಾರದು. ಇದನ್ನು ಗಮನಿಸದೆ ಇದ್ದಿಲಿಗೆ ಹಣ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

ಆದ್ದರಿಂದ ಯಂತ್ರದ ಮೇಲಿನ ಹುಡ್‌ನಿಂದ (ಘಾಟನ್ನು ಹೀರುವ ಮುಚ್ಚಳ) ಎಳೆದ ಗಾಳಿಯ ದೂಳನ್ನು ಮೊದಲು ಬ್ಯಾಗ್ ಫಿಲ್ಟರಿನಲ್ಲಿ ತೆಗೆದು, ಅನಂತರ ಸ್ಕ್ರಬ್ಬರಿನಲ್ಲಿ (ಗಾಳಿ ತೊಳೆಯುವ ಸಾಧನ) ಹೆಚ್ಚು ನೀರು ಬೆರೆತ ಸಲ್ಫ್ಯೂರಿಕ್ ಆಮ್ಲದ ಸಿಂಚನದಿಂದ ತೊಳೆಯಬೇಕು. ಅಮೋನಿಯಾ ಅಲ್ಲಿಯೇ ಲವಣವಾಗಿ ಉಳಿಯುತ್ತದೆ, ಫಾರ್ಮಾಲ್ಡಿಹೈಡಿನ ಬಹುಭಾಗವೂ ನೀರಿನಲ್ಲಿ ಕರಗುತ್ತದೆ.

ತೊಳೆದ ಗಾಳಿ ತೇವದಿಂದ ತುಂಬಿರುತ್ತದೆ, ಮತ್ತು ಇದ್ದಿಲಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ಕುಳಿತರೆ ಫೀನಾಲಿಗೆ ಜಾಗ ಕಡಿಮೆಯಾಗುತ್ತದೆ. ಹನಿಗಳನ್ನು ತಡೆಯುವ ಜಾಲರಿ ದಾಟಿಸಿ, 30 ಡಿಗ್ರಿಯ ಗಾಳಿಯನ್ನು 40ಕ್ಕೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ (ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಇರುವ ಪಾಲು) ಶೇಕಡಾ 60ಕ್ಕಿಂತ ಕೆಳಗಿಳಿಯುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಬಾರದು, ಏಕೆಂದರೆ ಬಿಸಿ ಏರಿದಷ್ಟೂ ಇದ್ದಿಲಿನ ಹಿಡಿತ ಸಡಿಲವಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆಯಾಗಿರುವುದರಿಂದ, ಆ ತಿಂಗಳುಗಳಲ್ಲಿ ಹೀಟರನ್ನು ಒಂದು ದಿನವೂ ಬಂದ್ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಗಾಳಿ ಹಾಯುವ ಇದ್ದಿಲಿನ ಟ್ಯಾಂಕಿನ ಅಳತೆಯ ಲೆಕ್ಕ ಸುಲಭ. ಉದಾಹರಣೆಗೆ, ಹುಡ್ ಎಳೆಯುವ ಗಾಳಿ ಗಂಟೆಗೆ 1800 ಘನ ಮೀಟರ್ ಎಂದರೆ ಸೆಕೆಂಡಿಗೆ ಅರ್ಧ ಘನ ಮೀಟರ್. ಗಾಳಿಯ ವೇಗವನ್ನು ಸೆಕೆಂಡಿಗೆ 0.25 ಮೀಟರಿಗೆ ಮಿತಿಗೊಳಿಸಿದರೆ 2 ಚದರ ಮೀಟರ್ ಅಡ್ಡಕೊಯ್ತ, ಅಂದರೆ ಸುಮಾರು 1.6 ಮೀಟರ್ ವ್ಯಾಸದ ಟ್ಯಾಂಕು ಬೇಕು. ಅರ್ಧ ಮೀಟರ್ ದಪ್ಪಕ್ಕೆ ಹರಳು ಇದ್ದಿಲು ತುಂಬಿದರೆ ಗಾಳಿ ಅದರೊಳಗೆ 2 ಸೆಕೆಂಡು ಇರುತ್ತದೆ. ತುಂಬಿದ ಮೇಲೆ ಮೇಲ್ಭಾಗವನ್ನು ಪಟ್ಟಿಯಿಂದ ಸಮಮಾಡಬೇಕು. ಅಂಚಿನಲ್ಲಿ ತಗ್ಗು ಉಳಿದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ.

ಇಂಥ ಎರಡು ಟ್ಯಾಂಕುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ, ನಡುವಿನ ಪೈಪಿಗೆ ಮಾದರಿ ತೆಗೆಯುವ ನಳ ಇಡುವುದು ಉತ್ತಮ. ಶೆಡ್ಡಿನಲ್ಲಿ ದಿನವಿಡೀ ಇರುವವರ ಮೂಗು ಘಾಟಿಗೆ ಒಗ್ಗಿರುತ್ತದೆಯಾದ್ದರಿಂದ ಫೀನಾಲ್ ತಾಗಿದರೆ ಬಣ್ಣ ಬದಲಿಸುವ ಸೂಚಕ ನಳಿಕೆಯಿಂದಲೇ ಪರೀಕ್ಷಿಸಬೇಕು. ಅಲ್ಲಿ ಫೀನಾಲ್ ಕಂಡರೆ ಮೊದಲ ಟ್ಯಾಂಕಿನ ಇದ್ದಿಲು ಇನ್ನು ಫೀನಾಲ್ ಹಿಡಿಯಲಾರದಷ್ಟು ತುಂಬಿತೆಂದರ್ಥ.

ಇದ್ದಿಲು ಬದಲಿಸಲು ಯಾರೂ ಥಟ್ಟನೆ ಟ್ಯಾಂಕಿಗೆ ಇಳಿಯಕೂಡದು. ಒದ್ದೆ ಇದ್ದಿಲು ಒಳಗಿನ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಪ್ರಾಣವೇ ಹೋಗಬಹುದು; ಬ್ಲೋವರಿನಿಂದ ಗಾಳಿಯಾಡಿಸಿ, ಮೀಟರಿನಲ್ಲಿ ಆಮ್ಲಜನಕ ಮತ್ತು ವಿಷಾನಿಲ ಎರಡನ್ನೂ ಅಳೆದು, ಹೊರಗೆ ಒಬ್ಬರನ್ನು ಕಾವಲಿಟ್ಟ ನಂತರವೇ ಇಳಿಯಬೇಕು. ತೆಗೆದ ಇದ್ದಿಲನ್ನು ಮುಚ್ಚಿದ ಡ್ರಮ್ಮಿನಲ್ಲಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೆ ಮಾತ್ರ ಒಪ್ಪಿಸಬೇಕು.