ಮಸ್ಕಿ ಬೇಕಾ? ಉತ್ತರಕ್ಕೆ ಓಡಬೇಡಿ, ನೀರಿನ ಜಾಡು ಹಿಡಿಯಿರಿ

ವಿನ್ನಿಪೆಗ್‌ನಲ್ಲೋ ಟೊರೊಂಟೊದಲ್ಲೋ ಕೆಲಸಕ್ಕಿರುವ ನಮ್ಮವರಲ್ಲಿ ಗಾಳದ ಹುಚ್ಚು ಹತ್ತಿದವರಿಗೆ ಒಂದಲ್ಲ ಒಂದು ಬೇಸಿಗೆಯಲ್ಲಿ ಮಸ್ಕಿ ಎಂಬ ಮೀನಿನ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ. ಪೂರ್ತಿ ಹೆಸರು ಮಸ್ಕೆಲಂಜ್. ಪೈಕ್ ಕುಲದ ದೊಡ್ಡಣ್ಣ. ಉದ್ದ ಮೂತಿ, ಬಾಯಿ ತುಂಬ ಹಲ್ಲು, ಚೆನ್ನಾಗಿ ಬೆಳೆದರೆ ನಾಲ್ಕು ಅಡಿ ದಾಟುವ ಮೈ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುವ ಮೀನು ಅಂತ ಅಲ್ಲಿನವರೇ ಹೇಳುತ್ತಾರೆ. ಸ್ವಲ್ಪ ಉಪ್ಪು ಖಾರ ಸೇರಿದೆ, ಆದರೆ ತೀರಾ ಸುಳ್ಳಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಆಸೆ: ಯಾರೂ ಗಾಳ ಹಾಕದ, ದೂರದ, ಕಾಡಿನೊಳಗಿನ ಒಂದು ಕೆರೆ ಸಿಕ್ಕರೆ ಸಾಕು.

ಆಸೆ ತಪ್ಪಲ್ಲ. ಹುಡುಕುವ ದಾರಿ ತಪ್ಪು. ನಕ್ಷೆ ತೆಗೆದು, ಬೆರಳನ್ನು ಮೇಲೆ ಮೇಲೆ ಒಯ್ದು, ರಸ್ತೆ ಮುಗಿಯುವ ಕಡೆ ನಿಲ್ಲಿಸಿದರೆ ಅಲ್ಲಿ ಪೈಕ್ ಸಿಗುತ್ತದೆ, ವಾಲೈ ಸಿಗುತ್ತದೆ, ಮಸ್ಕಿ ಸಿಗುವುದಿಲ್ಲ. ಮಸ್ಕಿಯ ನೆಲೆ ಅಷ್ಟು ಉತ್ತರಕ್ಕೆ ಹೋಗುವುದೇ ಇಲ್ಲ. ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಯವ್ಯದಲ್ಲಿ ಲಾಕ್ ಸೂಲ್ ಕೆರೆ ಮತ್ತು ಇಂಗ್ಲಿಷ್ ನದಿಯ ಆಸುಪಾಸಿಗೆ ಅದರ ಸೀಮೆ ಹೆಚ್ಚುಕಡಿಮೆ ಮುಗಿಯುತ್ತದೆ. ಇನ್ನೊಂದು ಮಾತು: ಒಂಟಾರಿಯೋದ ದಾಖಲೆ ಮಸ್ಕಿ, 65 ಪೌಂಡಿನದು, 1988ರಲ್ಲಿ ಕೆನ್ ಓಬ್ರಿಯನ್ ಹಿಡಿದದ್ದು, ಸಿಕ್ಕಿದ್ದು ಉತ್ತರದ ಕಾಡುಕೆರೆಯಲ್ಲಲ್ಲ, ದಕ್ಷಿಣದ ಜಾರ್ಜಿಯನ್ ಕೊಲ್ಲಿಯಲ್ಲಿ. ಹಾಗಾಗಿ ದೂರ ನೋಡಬೇಡಿ, ನೀರು ನೋಡಿ.

ಮೊದಲು ನದಿ, ಆಮೇಲೆ ಕೆರೆ

ಒಂಟಾರಿಯೋದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಕೆರೆಗಳಿವೆ. ಮಸ್ಕಿ ಇರುವುದು ಅದರಲ್ಲಿ ಚಿಕ್ಕ ಪಾಲಿನಲ್ಲಿ ಮಾತ್ರ. ಹಿಮಯುಗ ಮುಗಿದು ಹಿಮದ ಗಡ್ಡೆ ಹಿಂದೆ ಸರಿದಾಗ ಕರಗಿದ ನೀರಿನ ದಾರಿ ಹಿಡಿದು ಮೀನುಗಳು ಮೇಲೆ ಬಂದವು, ಹತ್ತಲಾಗದ ಜಲಪಾತ ಸಿಕ್ಕಲ್ಲಿ ನಿಂತವು. ಅದಕ್ಕೇ ಎರಡು ಕಿಲೋಮೀಟರ್ ಅಂತರದ ಎರಡು ಕೆರೆಗಳಲ್ಲಿ ಒಂದರಲ್ಲಿ ಮಸ್ಕಿ ಇರಬಹುದು, ಇನ್ನೊಂದರಲ್ಲಿ ಹುಡುಕಿದರೂ ಇರಲಿಕ್ಕಿಲ್ಲ.

ಕೆಲಸ ಶುರು ಮಾಡುವುದು ಹೀಗೆ. ಮಸ್ಕಿಗೆ ಹೆಸರಾದ ದೊಡ್ಡ ಕೆರೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ: ಕೆನೋರಾ ಪಕ್ಕದ ಲೇಕ್ ಆಫ್ ದಿ ವುಡ್ಸ್, ವರ್ಮಿಲಿಯನ್ ಬೇ ಹತ್ತಿರದ ಈಗಲ್ ಲೇಕ್, ಡ್ರೈಡನ್‌ನ ವಾಬಿಗೂನ್, ಸೂ ಲುಕ್ಔಟ್ ಕಡೆಯ ಲಾಕ್ ಸೂಲ್, ದಕ್ಷಿಣದಲ್ಲಿ ರೋವನ್ ಲೇಕ್. ಅಲ್ಲಿ ಜನ ಇದ್ದಾರೆ, ನಿಮಗೆ ಅವು ಬೇಡ, ಸರಿ. ಆದರೆ ನಿಮ್ಮ ಕೆರೆ ಇರುವುದು ಇವುಗಳ ಬಾಲದಲ್ಲಿ. ಕೆನಡಾ ಸರ್ಕಾರದ 1:50,000 ಅಳತೆಯ ನಕ್ಷೆಗಳು ಪುಕ್ಕಟೆ ಸಿಗುತ್ತವೆ, ಡ್ರೈಡನ್ ಸುತ್ತಿನದು 52ಎಫ್ ಗುಂಪಿನಲ್ಲಿದೆ. ದೊಡ್ಡ ಕೆರೆಗೆ ಬಂದು ಸೇರುವ ಒಂದೊಂದು ಹೊಳೆಯನ್ನೂ ಹಿಡಿದು ಮೇಲಕ್ಕೆ ಹೋಗಿ. ಹೊಳೆಗೆ ಅಡ್ಡವಾಗಿ ಗೀಟು ಎಳೆದಿದ್ದರೆ ಅದು ರಭಸದ ನೀರು ಅಥವಾ ಜಲಪಾತ. ಎತ್ತರದ ಗೆರೆಗಳನ್ನೂ ನೋಡಿ. ಎರಡು ಕೆರೆಗಳ ನೀರಿನ ಮಟ್ಟದಲ್ಲಿ ಒಂದೆರಡು ಮೀಟರ್ ವ್ಯತ್ಯಾಸವಿದ್ದು ನಡುವೆ ನಿಧಾನದ ಹೊಳೆ ಇದ್ದರೆ ಮೀನು ಹತ್ತಿರುವ ಸಾಧ್ಯತೆ ಇದೆ, ಹದಿನೈದು ಮೀಟರ್ ಇದ್ದು ಹೊಳೆ ಗಿಡ್ಡದಾಗಿದ್ದರೆ ಆ ಕೆರೆ ಬಿಟ್ಟು ಮುಂದಿನದಕ್ಕೆ ಹೋಗಿ. ಒಂದು ಸಂಜೆ ಇದಕ್ಕೆ ಕೂತರೆ ಐದಾರು ಹೆಸರು ಉಳಿಯುತ್ತವೆ. ಕೆಲವಕ್ಕೆ ಹೆಸರೂ ಇರುವುದಿಲ್ಲ!

ಇದ್ದದ್ದು ಹೌದಾ ಅಂತ ನೋಡುವುದು

ಉಳಿದ ಹೆಸರುಗಳನ್ನು ಒಂಟಾರಿಯೋ ಸರ್ಕಾರದ ಫಿಶ್ ಆನ್-ಲೈನ್ ಎಂಬ ನಕ್ಷೆಯಲ್ಲಿ ಹಾಕಿ. ಕೆರೆಯ ಮೇಲೆ ಒತ್ತಿದರೆ ಅಲ್ಲಿ ದಾಖಲಾದ ಮೀನುಗಳ ಪಟ್ಟಿ ಬರುತ್ತದೆ, ಕೆಲವಕ್ಕೆ ಆಳದ ನಕ್ಷೆಯೂ ಇರುತ್ತದೆ. ಪಟ್ಟಿಯಲ್ಲಿ ಮಸ್ಕಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇಲ್ಲವೇ ಇಲ್ಲ ಅಂತ ಅರ್ಥವಲ್ಲ, ಚಿಕ್ಕ ಕೆರೆಗಳಿಗೆ ಬಲೆ ಹಾಕಿ ನೋಡಿ ಎಷ್ಟೋ ವರ್ಷ ಆಗಿರಬಹುದು. ಆಗ ಕೆನೋರಾ, ಡ್ರೈಡನ್ ಅಥವಾ ಸೂ ಲುಕ್ಔಟ್‌ನಲ್ಲಿರುವ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಕಚೇರಿಗೆ ಫೋನ್ ಮಾಡಿ. "ಒಳ್ಳೆ ಮಸ್ಕಿ ಎಲ್ಲಿ ಸಿಗುತ್ತೆ" ಅಂತ ಮಾತ್ರ ಕೇಳಬೇಡಿ, ಅದಕ್ಕೆ ಯಾರೂ ಉತ್ತರ ಕೊಡಲ್ಲ. "ಈ ಕೆರೆಯ ಸಮೀಕ್ಷೆಯಲ್ಲಿ ಮಸ್ಕಿ ಬಂದಿತ್ತಾ, ಸಿಸ್ಕೊ ಇದೆಯಾ" ಅಂತ ಕೇಳಿ.

ಸಿಸ್ಕೊ ಯಾಕೆ ಅಂದರೆ, ಮಸ್ಕಿ ದೊಡ್ಡದಾಗುವುದು ಊಟದಿಂದ. ಪರ್ಚ್ ಎಂಬ ಸಣ್ಣ ಮೀನು ಮಾತ್ರ ಇರುವ ಕಿರಿದಾದ ಕೆರೆಯಲ್ಲಿ ಮಸ್ಕಿ ಇದ್ದರೂ ಕಡ್ಡಿಯ ಹಾಗೆ ಉದ್ದಕ್ಕೆ ಬೆಳೆದು ನಿಲ್ಲುತ್ತದೆ. ಸಿಸ್ಕೊ, ವೈಟ್‌ಫಿಶ್ ಥರದ ಕೊಬ್ಬಿದ ಮೀನು ಇರುವಲ್ಲಿ ಮೈ ತುಂಬುತ್ತದೆ. ಆ ಮೀನುಗಳಿಗೆ ತಣ್ಣನೆಯ ಆಳದ ನೀರು ಬೇಕು. ಪಟ್ಟಿಯಲ್ಲಿ ಲೇಕ್ ಟ್ರೌಟ್ ಕಂಡರೆ ಆಳ ಇದೆ ಅಂತ ಊಹಿಸಬಹುದು. ಆದರೆ ಬರೀ ಆಳವಿದ್ದರೂ ಸಾಲದು, ಮಸ್ಕಿ ಮೊಟ್ಟೆ ಇಡುವುದು ಆಳವಿಲ್ಲದ ಕೊಲ್ಲಿಗಳಲ್ಲಿ. ಒಂದು ಕಡೆ ಕಪ್ಪು ಆಳ, ಇನ್ನೊಂದು ಕಡೆ ಕಳೆ ಬೆಳೆದ ಕೊಲ್ಲಿ, ನಡುವೆ ದ್ವೀಪಗಳ ಸಂದು: ಇದು ಮೂರೂ ಇರುವ ಕೆರೆ ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ.

ಇದೆಲ್ಲ ಮನೆಯಿಂದಲೇ ಕಾಣುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ. ಆಗಸ್ಟ್ ತಿಂಗಳ, ಮೋಡವಿಲ್ಲದ ದಿನದ ಚಿತ್ರ ತೆಗೆಯಿರಿ. ಕೊಲ್ಲಿಯೊಳಗೆ ಹಸಿರು ಮಬ್ಬು ಕಂಡರೆ ಕಳೆ ಇರಬಹುದು, ನಡುನೀರಿನಲ್ಲಿ ತೆಳು ಬಣ್ಣದ ಚುಕ್ಕೆ ಕಂಡರೆ ಬಂಡೆ ದಿಬ್ಬ. ಅಣೆಕಟ್ಟಿನ ಕೆರೆಯಾದರೆ ನೀರು ಇಳಿದ ವರ್ಷದ ಹಳೆಯ ಚಿತ್ರ ಹುಡುಕಿ, ಬಂಡೆಗಳು ಬತ್ತಲಾಗಿ ನಿಂತಿರುತ್ತವೆ. ದೋಣಿಯ ಪ್ರೊಪೆಲರ್ ಉಳಿಸಿಕೊಳ್ಳಲಿಕ್ಕೂ ಇದು ಬೇಕಾಗುತ್ತದೆ.

ಹೋಗುವುದು ಹೇಗೆ

ಇಲ್ಲೇ ಜಾಸ್ತಿ ಜನ ಸೋಲುವುದು. ಮರ ಕಡಿಯುವ ಕಂಪನಿಗಳು ಹಾಕಿದ ಮಣ್ಣಿನ ರಸ್ತೆ ನಕ್ಷೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕಡಿತ ಮುಗಿದ ಮೇಲೆ ಸೇತುವೆ ಕಿತ್ತಿರುತ್ತಾರೆ, ರಸ್ತೆಯಲ್ಲಿ ಆಲ್ಡರ್ ಗಿಡ ಆಳೆತ್ತರ ಬೆಳೆದಿರುತ್ತದೆ. ಕೆಲವು ಕಡೆ ರಸ್ತೆ ಗಟ್ಟಿಯಾಗಿದ್ದರೂ ವಾಹನ ಒಯ್ಯಬಾರದು ಅಂತ ಸರ್ಕಾರದ ಬೋರ್ಡ್ ಇರುತ್ತದೆ, ವಿಮಾನದಲ್ಲಿ ಜನರನ್ನು ಕರೆದೊಯ್ಯುವ ಕ್ಯಾಂಪುಗಳ ಕೆರೆ ಏಕಾಂತವಾಗಿ ಉಳಿಯಲಿ ಅನ್ನುವುದು ಅದರ ಲೆಕ್ಕ. ಸರ್ಕಾರಿ ಜಮೀನಿನಲ್ಲಿ ಎಲ್ಲಿ ಏನು ಮಾಡಬಹುದು ಅಂತ ತೋರಿಸುವ ಒಂಟಾರಿಯೋದ ಕ್ರೌನ್ ಲ್ಯಾಂಡ್ ಯೂಸ್ ಪಾಲಿಸಿ ಅಟ್ಲಾಸ್ ನೋಡದೆ ಟ್ರೈಲರ್ ಕಟ್ಟಬೇಡಿ.

ರಸ್ತೆ ಇಲ್ಲದಿದ್ದರೆ ಮೂರು ದಾರಿ. ದೋಣಿ ಹೊತ್ತು ನಡೆಯುವುದು. ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಹೋಗುವುದು, ಅಲ್ಲಿ ನಿಮ್ಮ ಚೀಲವನ್ನೂ ನಿಮ್ಮನ್ನೂ ತೂಕ ಹಾಕುತ್ತಾರೆ, ದುಡ್ಡೂ ದಂಡಿಯಾಗಿ ಬೇಕು. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಣತನದ್ದು: ದೊಡ್ಡ ಕೆರೆಯ ರೆಸಾರ್ಟ್‌ನವರು ಹಿಂದಿನ ಸಣ್ಣ ಕೆರೆಗಳಲ್ಲಿ ಒಂದೊಂದು ದೋಣಿ ಬಿಟ್ಟಿರುತ್ತಾರೆ, ಅದನ್ನು ದಿನದ ಬಾಡಿಗೆಗೆ ಕೊಡುತ್ತಾರೆ. ಮೋಟಾರು, ಪೆಟ್ರೋಲು, ಗಾಳದ ಸಾಮಾನು ಹೊತ್ತು ಕಾಲುದಾರಿಯಲ್ಲಿ ನಡೆದರೆ ಆಯಿತು. ಯಾವ ಯಾವ ಕೆರೆಯಲ್ಲಿ ದೋಣಿ ಇದೆ ಅಂತ ಫೋನಿನಲ್ಲೇ ಕೇಳಿ, ನಿಮ್ಮ ಪಟ್ಟಿಯ ಜೊತೆ ಹೋಲಿಸಿ. ಎರಡರಲ್ಲೂ ಬಂದ ಹೆಸರು ಇದ್ದರೆ ಇನ್ನು ಯೋಚಿಸಬೇಡಿ.

ಕ್ರೌನ್ ಜಮೀನಿನಲ್ಲಿ, ಅಂದರೆ ಸರ್ಕಾರಿ ಜಮೀನಿನಲ್ಲಿ, ಡೇರೆ ಹಾಕಬಹುದು. ಕೆನಡಾ ನಿವಾಸಿಗಳಿಗೆ ಒಂದು ಜಾಗದಲ್ಲಿ ವರ್ಷಕ್ಕೆ 21 ದಿನದವರೆಗೆ ಪುಕ್ಕಟೆ. ಬೆಂಗಳೂರಿಂದ ಭಾವ ಬಂದಿದ್ದಾನೆ, ಅವನನ್ನೂ ಕರೆದುಕೊಂಡು ಹೋಗುತ್ತೀರಿ ಅಂದರೆ ಅವನಿಗೆ ಉತ್ತರ ಒಂಟಾರಿಯೋದಲ್ಲಿ ಬೇರೆ ಪರ್ಮಿಟ್ ಬೇಕು. ಮೂಲನಿವಾಸಿಗಳ ಮೀಸಲು ಜಮೀನು ಕ್ರೌನ್ ಜಮೀನಲ್ಲ, ಅಲ್ಲಿ ಕೇಳಿಯೇ ಕಾಲಿಡಬೇಕು. ಲಾಕ್ ಸೂಲ್‌ನ ವಿಶಾಲ ನೀರು ನೋಡಿ ಖುಷಿಪಡುವಾಗ ಒಂದು ವಿಷಯ ಗೊತ್ತಿರಲಿ, 1929ರ ಸುಮಾರಿಗೆ ಇಯರ್ ಫಾಲ್ಸ್ ಅಣೆಕಟ್ಟು ಬಂದಾಗ ಆ ಜನರ ಮನೆಗಳೂ ಸಮಾಧಿಗಳೂ ಅದೇ ನೀರಿನಡಿ ಹೋದವು.

ಹೆದ್ದಾರಿ 17 ಬಿಟ್ಟು ಒಳಗೆ ಹೋದರೆ ಮೊಬೈಲ್ ಸಿಗ್ನಲ್ ಮರೆತುಬಿಡಿ. ಉಪಗ್ರಹ ಸಂದೇಶದ ಸಾಧನ ಒಂದಿರಲಿ. ಎಲ್ಲಿ ಹೋಗುತ್ತೀರಿ, ಯಾವಾಗ ವಾಪಸ್ ಅಂತ ಯಾರಿಗಾದರೂ ಬರೆದುಕೊಟ್ಟು ಹೋಗಿ. ಜೂನ್‌ನಲ್ಲಿ ಕಪ್ಪುನೊಣ ಕಿವಿ ಹಿಂದೆ ಕಚ್ಚಿ ರಕ್ತ ಬರಿಸುತ್ತವೆ, ತಲೆಗೆ ಹಾಕುವ ಬಲೆ ಮರೆಯಬೇಡಿ.

ಕಾಗದ ಪತ್ರ

ಒಂಟಾರಿಯೋ ಸರ್ಕಾರ ಕೊಡುವ ಔಟ್‌ಡೋರ್ಸ್ ಕಾರ್ಡ್ ಮತ್ತು ಮೀನು ಹಿಡಿಯುವ ಲೈಸೆನ್ಸ್ ಎರಡೂ ಬೇಕು. ಕೆನೋರಾ, ಡ್ರೈಡನ್ ಇರುವ 4 ಮತ್ತು 5ನೇ ಮೀನುಗಾರಿಕೆ ವಲಯಗಳಲ್ಲಿ ಮಸ್ಕಿ ಋತು ಜೂನ್ ಮೂರನೇ ಶನಿವಾರ ಶುರುವಾಗಿ ಡಿಸೆಂಬರ್ 15ಕ್ಕೆ ಮುಗಿಯುತ್ತದೆ. ಅಗ್ಗದ ಕನ್ಸರ್ವೇಶನ್ ಲೈಸೆನ್ಸ್‌ನಲ್ಲಿ ಒಂದೂ ಮಸ್ಕಿ ಇಟ್ಟುಕೊಳ್ಳುವ ಹಾಗಿಲ್ಲ. ಲಾಕ್ ಸೂಲ್‌ನಲ್ಲಿ ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಲೇಕ್ ಆಫ್ ದಿ ವುಡ್ಸ್‌ನಲ್ಲಿ 137 ಸೆಂಟಿಮೀಟರ್‌ಗಿಂತ ಗಿಡ್ಡದ್ದನ್ನು ಬಿಡಲೇಬೇಕು. ಹೋಗುವ ವರ್ಷದ ನಿಯಮ ಪುಸ್ತಕ ಒಮ್ಮೆ ನೋಡಿಕೊಳ್ಳಿ. ಕಾನೂನು ಒಪ್ಪಿದರೂ ಬಿಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಆ ತಣ್ಣನೆ ನೀರಲ್ಲಿ 50 ಇಂಚು ಬೆಳೆಯಲು ಒಂದು ಹೆಣ್ಣು ಮೀನಿಗೆ ಹದಿನೈದು ವರ್ಷದ ಮೇಲೆ ಬೇಕಾಗಬಹುದು, ಸಣ್ಣ ಕೆರೆಯಿಂದ ಅಂಥ ಎರಡು ಮೀನು ತೆಗೆದರೆ ಅಲ್ಲಿಗೆ ಕತೆ ಮುಗಿಯಿತು.

ಕೆರೆಗೆ ಇಳಿದ ಮೇಲೆ

ಮೊದಲ ದಿನ ಹಿಡಿಯಲು ಹೋಗಬೇಡಿ, ಹುಡುಕಿ. ದೊಡ್ಡ ಬಕ್‌ಟೇಲ್ (ಕೂದಲು ಕಟ್ಟಿದ ಕೃತಕ ಗಾಳ) ಕಟ್ಟಿ, 80 ಪೌಂಡಿನ ಹೆಣೆದ ದಾರ, ತುದಿಗೆ ಹಲ್ಲಿಗೆ ತುಂಡಾಗದ ತಂತಿಯ ಲೀಡರ್ ಇರಲಿ. ಬಂಡೆಯ ಮೂಗು, ಕಳೆಯ ಅಂಚು ಎಲ್ಲಾ ಬೇಗ ಬೇಗ ಎಸೆದು ನೋಡುತ್ತಾ ಸಾಗಿ. ಮಸ್ಕಿ ಬಹಳ ಸಲ ಕಚ್ಚದೆ ಸುಮ್ನೆ ಹಿಂದೆ ಬರುತ್ತದೆ, ದೋಣಿ ಪಕ್ಕದವರೆಗೂ. ಆಗ ಗಾಳ ಎತ್ತಬಾರದು. ಕೋಲಿನ ತುದಿ ನೀರಿಗೆ ಅದ್ದಿ, ದೋಣಿ ಪಕ್ಕದಲ್ಲೇ ಇಂಗ್ಲಿಷಿನ ಎಂಟರ ಆಕಾರದಲ್ಲಿ ದೊಡ್ಡದಾಗಿ ತಿರುಗಿಸಿ. ತಿರುವಿನಲ್ಲಿ ಕಚ್ಚುವುದೇ ಜಾಸ್ತಿ. ಕಚ್ಚದಿದ್ದರೆ ಆ ಜಾಗ ಗುರುತು ಹಾಕಿ, ಸಂಜೆ ಬನ್ನಿ.

ಸಿಕ್ಕಿದ್ದು ಪೈಕೋ ಮಸ್ಕಿಯೋ ಅಂತ ಅನುಮಾನ ಬಂದರೆ ಕೆಳದವಡೆ ಅಡಿ ನೋಡಿ. ಪ್ರತಿ ಪಕ್ಕದಲ್ಲೂ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳ ಸಾಲಿರುತ್ತದೆ. ಐದು ಅಥವಾ ಕಡಿಮೆ ಇದ್ದರೆ ಪೈಕ್, ಆರು ಅಥವಾ ಜಾಸ್ತಿ ಇದ್ದರೆ ಮಸ್ಕಿ. ಈ ನೋಟ ಮುಗಿಯುವವರೆಗೂ ಮೀನು ಬಲೆಯೊಳಗೆ, ನೀರಲ್ಲೇ ಇರಲಿ. ಉದ್ದ ಮೂತಿಯ ಇಕ್ಕಳ ಮತ್ತು ಕೊಕ್ಕೆ ಕತ್ತರಿಸುವ ಕಟರ್ ಕೈಗೆಟಕುವ ಹಾಗಿಡಿ, ಕೊಕ್ಕೆ ಆಳಕ್ಕೆ ಹೋಗಿದ್ದರೆ ಕಿತ್ತು ಎಳೆಯಬೇಡಿ, ಕತ್ತರಿಸಿ. ಫೋಟೋ ಬೇಕಾದರೆ ಒಂದು ಕೈ ಹೊಟ್ಟೆ ಅಡಿ ಕೊಟ್ಟು ಅಡ್ಡಕ್ಕೆ ಎತ್ತಿ, ಕ್ಲಿಕ್ಕಿಸಿ, ವಾಪಸ್ ನೀರಿಗೆ. ಆಮೇಲೆ ಬಾಲದ ಬುಡ ಹಿಡಿದು, ಅದೇ ಜಾಡಿಸಿಕೊಂಡು ಹೋಗುವವರೆಗೆ ಕಾಯಿರಿ.

ಜುಲೈ ಕೊನೆಯಲ್ಲಿ ಹೋಗುವವರು ಒಂದು ಥರ್ಮಾಮೀಟರ್ ಒಯ್ಯಿರಿ. ಮೇಲ್ಮೈ ನೀರು 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹಿಡಿದು ಬಿಟ್ಟ ಮಸ್ಕಿಯೂ ಸಾಯುವ ಅಪಾಯ ಜಾಸ್ತಿ. ಆ ದಿನ ಬಕ್‌ಟೇಲ್ ಒಳಗಿಟ್ಟು ಆಳದಲ್ಲಿ ವಾಲೈ ಹಿಡಿಯಿರಿ, ರಾತ್ರಿ ಊಟಕ್ಕೂ ಆಗುತ್ತದೆ.