ಪೇಪರ್ ಕಪ್ಪಿನಲ್ಲಿ 56 ಬಂತು: ನನ್ನ ಅನುಭವ

ಪ್ರಬಲ ಆಸಿಡ್ಡೂ ಪ್ರಬಲ ಕ್ಷಾರವೂ ಬೆರೆತಾಗ ಹೊರಡುವ ಬಿಸಿ, ಅಂದರೆ ತಟಸ್ಥೀಕರಣದ ಉಷ್ಣ, ಮೋಲಿಗೆ (ರಸಾಯನಶಾಸ್ತ್ರದಲ್ಲಿ ವಸ್ತುವಿನ ಅಳತೆ) 57 ಕಿಲೋಜೌಲ್ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಮುಧೋಳ ಕಡೆಯ ನಮ್ಮ ಹೈಸ್ಕೂಲ್ ಲ್ಯಾಬಿನಲ್ಲಿ ಈಗ 55, 56 ಬರುತ್ತಿದೆ. ‘ತಾಮ್ರದ ಕ್ಯಾಲೋರಿಮೀಟರ್ (ಬಿಸಿ ಅಳೆಯುವ ಪಾತ್ರೆ) ಇಲ್ದ ಆಗೂ ಮಾತಲ್ರಿ ಸರ’ ಅಂದಿದ್ದ ಪಿಯು ಗೆಳೆಯರು ಬಂದು ನೋಡಿ, ಚಹಾ ಕುಡಿದು, ಸುಮ್ನೆ ಹೋದರು.

ಮೊದಲು ಬೀಕರಿನಲ್ಲಿ ಮಾಡಿದಾಗ ಈ ಅಂಕಿ 42 ದಾಟಲೇ ಇಲ್ಲ. ಒಂದು ಮೋಲಾರ್ ಆಸಿಡ್ 50 ಎಂಎಲ್, ಕಾಸ್ಟಿಕ್ ಸೋಡಾ ದ್ರಾವಣವೂ ಅಷ್ಟೇ. 6.8 ಡಿಗ್ರಿ ಏರಬೇಕಿತ್ತು, ಏರಿದ್ದು ಐದು. ಸ್ಟೀಲ್ ಲೋಟವೂ ಡಿಗ್ರಿಗೆ ಮೂವತ್ತು ಜೌಲ್ ನುಂಗುತ್ತದೆ. ಥರ್ಮಾಕೋಲ್ ಲೋಟ ಅಂಗಡಿಯಲ್ಲಿ ಸಿಗುವುದು ಕಷ್ಟ. ಕೊನೆಗೆ ಟಿವಿ ಪ್ಯಾಕಿಂಗಿನ ಥರ್ಮಾಕೋಲ್ ಕೊರೆದು ದೊಡ್ಡ ಪೇಪರ್ ಕಪ್ ಇಳಿಸಿದೆ. ಪುಕ್ಕಟೆ! ಖರ್ಚು ಅಂತ ಆಗಿದ್ದು 0.1 ಡಿಗ್ರಿ ತೋರಿಸುವ ಡಿಜಿಟಲ್ ಥರ್ಮಾಮೀಟರಿಗೆ, ಮುನ್ನೂರರ ಆಸುಪಾಸು. ಒಂದು ಡಿಗ್ರಿಯ ಗೆರೆ ಇರುವ ಹಳೆಯದರಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ನಿಜವಾದ ಕಾಟ ನಮ್ಮ ಒಣ ಹವೆಯದು. ಮಾರ್ಚಿನಲ್ಲಿ ತೆರೆದಿಟ್ಟ ದ್ರಾವಣ ಮಡಕೆ ನೀರಿನ ಹಾಗೆ ತಾನೇ ತಣ್ಣಗಾಗುತ್ತದೆ. ಒದ್ದೆ ಥರ್ಮಾಮೀಟರ್ ಗಾಳಿಯಲ್ಲಿ ಹಿಡಿದರೆ ನಾಲ್ಕೈದು ಡಿಗ್ರಿ ಕೆಳಗೆ! ಅದಕ್ಕೇ ಬೆರೆಸುವ ಮೊದಲು ಎರಡೂ ದ್ರಾವಣಕ್ಕೆ ಮುಚ್ಚಳ, ಎರಡರ ಉಷ್ಣತೆಯ ಸರಾಸರಿ. ಕಾಸ್ಟಿಕ್ ದ್ರಾವಣ ಹಿಂದಿನ ದಿನವೇ ಮಾಡಿಟ್ಟು, ಆಕ್ಸಾಲಿಕ್ ಆಸಿಡ್ಡಿನಿಂದ ಟೈಟ್ರೇಟ್ ಮಾಡಿ, ಅಂದರೆ ಅಳೆದು ಬೆರೆಸಿ ಅದರ ಸಾಂದ್ರತೆ ನೋಡಿ. ಬಾಟಲಿ ಮೇಲಿನ ಲೆಕ್ಕ ನಂಬಬೇಡಿ, ಕಾಸ್ಟಿಕ್ ಹರಳು ನೀರು ಎಳೆದಿರುತ್ತದೆ. ಬೆರೆಸಿದ ಮೇಲೆ ಅರ್ಧ ನಿಮಿಷಕ್ಕೊಮ್ಮೆ ಓದಿ, ಗ್ರಾಫಿನ ಇಳಿಯುವ ಗೆರೆಯನ್ನು ಬೆರೆಸಿದ ಗಳಿಗೆಯವರೆಗೆ ಹಿಂದಕ್ಕೆ ಎಳೆದರೆ 6.7 ಡಿಗ್ರಿ ಸಿಗುತ್ತದೆ, ಅಂದರೆ 56 ಕಿಲೋಜೌಲ್. ಕಲಕುವ ಕಡ್ಡಿಗೆ ಏನು ಬಳಸಿದೆ, ಮುಚ್ಚಳದ ತೂತು ಹೇಗೆ ಬಿಗಿ ಮಾಡಿದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಬಂದರೆ ತೋರಿಸುತ್ತೇನೆ.

ಕಪ್ಪು ಕೈಗೆ ಬಂದ ಮೇಲೆ ಸುಮ್ಮನಿರಲಾಗುತ್ತದೆಯೇ? ಯೂರಿಯಾ ಹಾಕಿದೆವು. ನೂರು ಎಂಎಲ್‌ಗೆ ಆರು ಗ್ರಾಂ, ಸುಮಾರು ಮೂರೂವರೆ ಡಿಗ್ರಿ ಇಳಿಯಿತು. ಕಬ್ಬಿನ ಹೊಲದ ಹುಡುಗರಿಗೆ ಇದೇ ಜಾಸ್ತಿ ಹಿಡಿಸಿತು. ಬೇವಿನೆಣ್ಣೆ ಲೇಪ ಮಾತ್ರ ಮೇಲೆ ತೇಲುತ್ತದೆ. ಆಮೇಲೆ ಲೋಕಾಪುರ ಕಡೆಯ ಸುಟ್ಟ ಸುಣ್ಣ. ಅಷ್ಟೇ ನೀರಿಗೆ 5.6 ಗ್ರಾಂ ಹಾಕಿದರೆ ಹದಿನೈದು ಡಿಗ್ರಿ ಏರಬೇಕು. ಭಟ್ಟಿಯಿಂದ ಬಿಸಿಬಿಸಿ ತಂದದ್ದು ಹದಿನಾಲ್ಕರ ತನಕ ಹೋಯಿತು, ಅಂಗಡಿಯ ಚೀಲದ್ದು ಆರಕ್ಕೇ ನಿಂತಿತು. ಗಾಳಿ ತಿಂದ ಸುಣ್ಣ, ಅಲ್ವಾ! ಕನ್ನಡಕ ಇಲ್ಲದೆ ಹುಡುಗರ ಕೈಗೆ ಇದನ್ನು ಕೊಡಬೇಡಿ.

ಇನ್ನು ಮೈಲುತುತ್ತ ಮತ್ತು ಸತು. ಮೋಲಿಗೆ 217 ಕಿಲೋಜೌಲ್ ಬರಬೇಕು. ಮೈಲುತುತ್ತ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಸತುವಿನ ಪುಡಿಯ ಚೀಟಿಗೆ ಹೆಡ್‌ಮಾಸ್ತರ ಸಹಿ ಇನ್ನೂ ಬಿದ್ದಿಲ್ಲ.