ಠಾಣೆಯ ಬೆನೆ ಇಸ್ರಾಯೇಲರ ಮಲೀದಾ: ಅಡುಗೆಮನೆ ಕಡೆಯ ನನ್ನ ಅನುಭವ

ನಾನು ಧಾರವಾಡದವಳು. ಮದುವೆಯಾಗಿ ಠಾಣೆಗೆ ಬಂದೆ. ನಮ್ಮ ಎದುರು ಮನೆಯವರು ಬೆನೆ ಇಸ್ರಾಯೇಲರು, ಅಂದರೆ ಮಹಾರಾಷ್ಟ್ರದ ಯಹೂದಿಗಳು. ಮನೆಮಾತು ಮರಾಠಿ, ಹೆಂಗಸರು ಉಡುವುದು ಸೀರೆ. ಅಡ್ಡಹೆಸರೂ ದಿವೇಕರ್, ಪೇಣಕರ್, ನವಗಾಂವಕರ್ ಅಂತ ಕೊಂಕಣದ ಊರುಗಳದ್ದೇ. ಬಾಗಿಲ ಚೌಕಟ್ಟಿಗೆ ಹೊಡೆದ ಪುಟ್ಟ ಮೆಜೂಜಾ, ಅಂದರೆ ಧರ್ಮಗ್ರಂಥದ ಸಾಲು ಬರೆದ ಸುರುಳಿ ಇಟ್ಟ ಡಬ್ಬಿ, ಕಾಣದಿದ್ದರೆ ಪಕ್ಕಾ ಮರಾಠಿ ಮನೆ ಅಂದುಕೊಳ್ಳಬೇಕು. ಆ ಮನೆಯ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಒಂದು ಸಲ ತೆಂಗಿನಕಾಯಿ ತುರಿಯೋಕೆ ಕರೆದರು. ಅಲ್ಲಿಂದ ಶುರುವಾಗಿ ಈಗ ಅವರ ಹಬ್ಬ, ಮದುವೆ, ಮಲೀದಾ ಯಾವುದಿದ್ದರೂ ಅಡುಗೆಮನೆ ಕಡೆ ನಾನೂ ಇರುತ್ತೇನೆ.

1948ರ ನಂತರ ಇವರಲ್ಲಿ ಬಹಳಷ್ಟು ಜನ ಇಸ್ರೇಲಿಗೆ ಹೋದರು. ಈಗ ಇಲ್ಲಿ ಉಳಿದವರು ಸುಮಾರು 4-5 ಸಾವಿರ. ಅದರಲ್ಲಿ ಹೆಚ್ಚಿನವರು ಮುಂಬೈ, ಠಾಣೆ ಸುತ್ತಮುತ್ತ. ಠಾಣೆಯಲ್ಲಿ 1879ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, ಹೆಸರು ಶಾರ್ ಹಶಾಮಾಯಿಮ್. ಕ್ಯಾಮೆರಾ ಹಿಡಿದು ಬರುವವರೆಲ್ಲ "ನಶಿಸುತ್ತಿರುವ ಸಮುದಾಯ" ಅಂತ ಮುಖ ಸಣ್ಣ ಮಾಡಿಕೊಂಡು ಕೇಳುತ್ತಾರೆ. ನಾನು ನೋಡಿದ್ದು ಬೇರೆ. ಇವರಿಗೆ ದುಃಖಪಡೋಕೆ ಪುರುಸೊತ್ತಿಲ್ಲ. ಜನ ಕಡಿಮೆ, ಕಾರ್ಯಕ್ರಮ ಜಾಸ್ತಿ. ಹಾಡಿದವರೇ ಕುರ್ಚಿ ಹಾಕಬೇಕು, ಕುರ್ಚಿ ಹಾಕಿದವರೇ ಬಡಿಸಬೇಕು.

ಮಲೀದಾ ಇವರದ್ದೇ ವಿಶೇಷ ಆಚರಣೆ. ಎಲಿಯಾಹು ಹನ್ನಾಬಿ ಅನ್ನುವ ಪ್ರವಾದಿಯ ಹೆಸರಿನಲ್ಲಿ ಮಾಡುತ್ತಾರೆ. ಹರಕೆ ತೀರಿದಾಗ, ಹೊಸ ಮನೆಗೆ ಹೋದಾಗ, ಮದುವೆಗೆ ಮುಂಚೆ, ಯಾರಾದರೂ ದೂರದ ಊರಿಗೆ ಹೊರಟಾಗ, ಹೀಗೆ ಕಾರಣ ಯಾವುದಾದರೂ ಆಗಬಹುದು. ಎಲ್ಲರೂ ಸೇರಿ ಎಲಿಯಾಹುವಿನ ಹಾಡು ಹೇಳುತ್ತಾರೆ, ಹೀಬ್ರೂ ಪ್ರಾರ್ಥನೆ ಆಗುತ್ತದೆ, ಆಮೇಲೆ ತಟ್ಟೆ ಹಂಚುತ್ತಾರೆ. ತಟ್ಟೆಯ ನಡುವೆ ಸಿಹಿ ಅವಲಕ್ಕಿಯ ಗುಡ್ಡೆ, ಸುತ್ತ ಹಣ್ಣು, ಮೇಲೆ ಗುಲಾಬಿ ದಳ.

ಸಿಹಿ ಅವಲಕ್ಕಿ ತಾನೇ, ನಮಗೆ ಗೊತ್ತಿಲ್ಲದ್ದೇನು ಅಂತ ನಮ್ಮವರು ಹೇಳಬಹುದು. ಹತ್ತು ಜನಕ್ಕಾದರೆ ಸರಿ. ನೂರು ಜನಕ್ಕೆ ಮಾಡುವಾಗ ಅವಲಕ್ಕಿ ಆಟ ಆಡಿಸುತ್ತದೆ. ಪೇಪರ್ ಅವಲಕ್ಕಿ ನೀರು ಕಂಡರೆ ಮುದ್ದೆ. ತೀರಾ ಗಟ್ಟಿ ಅವಲಕ್ಕಿ ಹಲ್ಲಿಗೆ ಸಿಗುತ್ತದೆ. ಮಧ್ಯಮದ್ದೇ ಬೇಕು. ಮೊದಲು ಬಿಳಿ ಬಟ್ಟೆಯ ಮೇಲೆ ಹರಡಿ ಹುಳ ನೋಡಬೇಕು. ನಮ್ಮಲ್ಲಿ ಅದು ಸ್ವಚ್ಛತೆಯ ಮಾತು, ಇವರಲ್ಲಿ ಧರ್ಮದ ಮಾತೂ ಹೌದು. ಹುಳ ಹೊಟ್ಟೆಗೆ ಹೋಗುವ ಹಾಗಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ ಜರಡಿಗೆ ಹಾಕಿ, ನೀರು ಹಾಯಿಸಿ, ಓರೆ ಮಾಡಿ ಇಡುತ್ತೇನೆ. "ಪೋಹೆ ಜಾಸ್ತ ಭಿಜವೂ ನಕೋ", ಅವಲಕ್ಕಿ ಜಾಸ್ತಿ ನೆನೆಸಬೇಡ ಅಂತ ಮಾವಶಿ ಇವತ್ತಿಗೂ ಹಿಂದೆ ನಿಂತು ಎಚ್ಚರಿಸುತ್ತಾರೆ. ಒಂದು ಕಾಳನ್ನು ಬೆರಳಿನಲ್ಲಿ ಒತ್ತಿದರೆ ಚಪ್ಪಟೆಯಾಗಬೇಕು, ಬೆರಳಿಗೆ ಅಂಟಬಾರದು. ಅಷ್ಟೇ ಪರೀಕ್ಷೆ.

ಕಿಲೋ ಅವಲಕ್ಕಿಗೆ ನಾನು ಎರಡು ದೊಡ್ಡ ತೆಂಗಿನಕಾಯಿ, ಅರ್ಧ ಕಿಲೋ ಮೇಲೆ ಸ್ವಲ್ಪ ಸಕ್ಕರೆ ಹಾಕುತ್ತೇನೆ. ಏಲಕ್ಕಿ, ಬಾದಾಮಿ, ಪಿಸ್ತಾ, ಒಣದ್ರಾಕ್ಷಿ ಕೈ ಬಂದಷ್ಟು. ಅದು 25 ಜನಕ್ಕೆ ಧಾರಾಳ. ಕಾಯಿತುರಿ ಮತ್ತು ಸಕ್ಕರೆ ಮಾತ್ರ ಕೊನೆಗೆ ಸೇರಬೇಕು, ಹಾಡು ಶುರುವಾಗುವ ಸ್ವಲ್ಪ ಮುಂಚೆ. ಬೇಗ ಸೇರಿಸಿದರೆ ಸಕ್ಕರೆ ನೀರು ಬಿಡುತ್ತದೆ, ಠಾಣೆಯ ಸೆಕೆಗೆ ಕಾಯಿಯೂ ಹಳಸುತ್ತದೆ. ಹಾಲು, ತುಪ್ಪದ ಸುದ್ದಿಯೇ ಇಲ್ಲ. ಪಕ್ಕದಲ್ಲಿ ಹುರಿದ ಕೋಳಿ ಕಲೀಜಾ (ಪಿತ್ತಜನಕಾಂಗ) ಬಡಿಸುತ್ತಾರೆ, ಇವರ ಧರ್ಮದಲ್ಲಿ ಮಾಂಸದ ಜೊತೆ ಹಾಲು ಸೇರುವ ಹಾಗಿಲ್ಲ. ನಾನು ಸಸ್ಯಾಹಾರಿ. ಆ ಕಡೆಯ ಒಲೆ ಬೇರೆಯವರದ್ದು.

ಹಣ್ಣಿನ ವಿಷಯಕ್ಕೆ ಬಂದರೆ ಐದು ಬಗೆ ಇಡುವುದು ರೂಢಿ. ಸುಮ್ನೆ ಚೆಂದಕ್ಕೆ ಅಂತ ಮೊದಲು ಅಂದುಕೊಂಡಿದ್ದೆ. ಹಾಗಲ್ಲ. ಬ್ರಾಖಾ ಅನ್ನುವ ಸಣ್ಣ ಪ್ರಾರ್ಥನೆಯನ್ನು ತಿನ್ನುವ ಮುಂಚೆ ಹೇಳುತ್ತಾರೆ, ಒಂದೊಂದು ಬಗೆಗೆ ಒಂದೊಂದು. ಖರ್ಜೂರ, ಸೇಬು ಮರದ ಹಣ್ಣು. ಬಾಳೆಹಣ್ಣು ಅವರ ಲೆಕ್ಕದಲ್ಲಿ ಮರದ್ದಲ್ಲ, ನೆಲದ್ದು. ಅದಕ್ಕೆ ಬೇರೆ ಬ್ರಾಖಾ. ಹೂವಿನ ಪರಿಮಳಕ್ಕೂ ಒಂದಿದೆ. ಹಾಗಾಗಿ ಬಾಳೆಹಣ್ಣು ಸಿಗಲಿಲ್ಲ, ಇನ್ನೆರಡು ಸೇಬು ತಂದೆ ಅಂದರೆ ನಡೆಯುವುದಿಲ್ಲ.

ನಿಜವಾದ ತಲೆನೋವು ಅಡುಗೆಯಲ್ಲಿಲ್ಲ, ಗಡಿಯಾರದಲ್ಲಿದೆ. ಇವರ ದಿನ ಶುರುವಾಗುವುದು ಸಂಜೆಗೆ. ಶುಕ್ರವಾರ ಸೂರ್ಯ ಮುಳುಗಿದರೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ. ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ ಒಲೆ ಹಚ್ಚುವಂತಿಲ್ಲ. ಕೊಂಕಣದಲ್ಲಿ ಎಣ್ಣೆ ಗಾಣ ಆಡಿಸುತ್ತಿದ್ದ ಇವರ ಹಿರಿಯರು ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಊರವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಅಂತ ಕರೆಯುತ್ತಿದ್ದರು. "ನೀವು ಯಹೂದಿ ಅಲ್ವಲ್ಲ, ನೀವೇ ಮಾಡಿಟ್ಟರಾಯಿತು" ಅಂತ ನನ್ನ ಗಂಡ ಬುದ್ಧಿವಂತಿಕೆ ಹೇಳಿದ್ದರು. ಆದರೆ ಇವರು ತಮಗೋಸ್ಕರ ಬೇರೆಯವರಿಂದ ಆ ದಿನ ಕೆಲಸ ಮಾಡಿಸುವುದೂ ಸಲ್ಲದು. ಹಾಗಾಗಿ ಶನಿವಾರ ರಾತ್ರಿಯ ಕಾರ್ಯಕ್ರಮ ಇದ್ದರೆ ಸಾಮಾನು, ಹುಳ ನೋಡುವುದು, ಬಾದಾಮಿ ಹೆಚ್ಚುವುದು ಎಲ್ಲ ಶುಕ್ರವಾರ ಮಧ್ಯಾಹ್ನಕ್ಕೇ ಮುಗಿಯಬೇಕು. ನನ್ನನ್ನು ಕೇಳಿದರೆ ಭಾನುವಾರ ಇಟ್ಟುಕೊಳ್ಳುವುದೇ ಒಳ್ಳೆಯದು. ಉಳಿದ ದಿನಗಳಲ್ಲೂ ಒಲೆ ಹಚ್ಚಿ ಪಾತ್ರೆ ಇಡುವುದು ಮಾವಶಿ. ಆಮೇಲೆ ತಿರುವೋಕೆ ನಾನು.

ಹಬ್ಬದ ಪಟ್ಟಿ ಮಾತ್ರ ನನಗೆ ಬೇಗ ಒಗ್ಗಿತು. ಚಾಂದ್ರಮಾನದ ತಿಂಗಳು, ನಮ್ಮ ಅಧಿಕ ಮಾಸದ ತರಹ 19 ವರ್ಷಕ್ಕೆ ಏಳು ಸಲ ಒಂದು ತಿಂಗಳು ಜಾಸ್ತಿ. ಹಳಬರು ಹಬ್ಬಗಳಿಗೆ ಇಟ್ಟ ಹೆಸರೂ ಮರಾಠಿಯೇ. ಸಣ್ ಅಂದರೆ ಹಬ್ಬ. ಹೋಳಿಯ ಆಸುಪಾಸಿನಲ್ಲಿ ಬರುವ ಪೂರಿಮ್ ಹಬ್ಬ ಹೋಳಿಚಾ ಸಣ್, ಬಿರ್ಡಾ ಅನ್ನುವ ಅವರೆಯ ಪಲ್ಯ ಮಾಡುವ ದಿನ ಬಿರ್ಡ್ಯಾಚಾ ಸಣ್. ನಮ್ಮ ಹರಿಕಥೆಯಂಥ ಕೀರ್ತನೆಯೂ ಇವರಲ್ಲಿತ್ತು. 1880ರ ದಶಕದಿಂದ ಬೈಬಲ್ ಕಥೆಗಳನ್ನು ಮರಾಠಿಯಲ್ಲಿ ತಾಳ ಹಾಕಿ ಹಾಡಿದ್ದಾರೆ. ಈಗ ಅಪರೂಪ, ಅದೊಂದು ನನಗೆ ಬೇಜಾರು.

ವರ್ಷದಲ್ಲಿ ದೊಡ್ಡ ಮಲೀದಾ ಅಂದರೆ ತು ಬಿಶ್ವಾತ್, ಗಿಡಮರಗಳ ಹೊಸ ವರ್ಷ. ಜನವರಿ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಅಲಿಬಾಗ್ ಹತ್ತಿರದ ಖಂಡಾಳೆ ಹಳ್ಳಿಯಲ್ಲಿ ಬಂಡೆಯ ಮೇಲೆ ಗುರುತುಗಳಿವೆ. ಎಲಿಯಾಹು ರಥದಲ್ಲಿ ಆಕಾಶಕ್ಕೆ ಹೋಗುವಾಗ ಮೂಡಿದವು ಅನ್ನುವ ನಂಬಿಕೆ. ಇದು ಲೋಣಾವಳೆ ಪಕ್ಕದ ಖಂಡಾಳ ಅಲ್ಲ, ಬಸ್ಸಿನವನಿಗೆ ಮೊದಲೇ ಬಿಡಿಸಿ ಹೇಳಿ. ಬಂಡೆಯ ಹತ್ತಿರ ಮಲೀದಾ ಮಾಡುವುದಾದರೆ ಎಲ್ಲ ಹೊತ್ತುಕೊಂಡೇ ಹೋಗಬೇಕು. ಅವಲಕ್ಕಿ ಒಣಗಿದ್ದೇ ಇರಲಿ, ಕಾಯಿ ಇಡಿಯಾಗೇ ಇರಲಿ, ತುರಿಮಣೆ ಬಸ್ಸಿನಲ್ಲಿರಲಿ. ಕುಡಿಯುವ ನೀರಲ್ಲದೆ ಅವಲಕ್ಕಿ ತೊಳೆಯೋಕೂ ಕ್ಯಾನ್ ಬೇಕು. ವಯಸ್ಸಾದವರೇ ಹೆಚ್ಚು ಬರುವುದರಿಂದ ಶೌಚಾಲಯ ಇರುವ ಕಡೆ ಎರಡು ಸಲ ಬಸ್ ನಿಲ್ಲಿಸುವುದು ಕಡ್ಡಾಯ.

ಬಸ್ಸಿನಲ್ಲಿ ಯಾರಾದರೂ ಒಬ್ಬ ಆಜೋಬಾ (ಅಜ್ಜ) ಕನ್ನಡದವಳಾದ ನನ್ನನ್ನು ನೋಡಿ ಟಿಪ್ಪುವಿನ ಕಥೆ ತೆಗೆಯುತ್ತಾರೆ. ಧಾರವಾಡಕ್ಕೂ ಮೈಸೂರಿಗೂ ಎಷ್ಟು ದೂರ ಅಂತ ಹೇಳಿ ಪ್ರಯೋಜನ ಇಲ್ಲ. ಇಂಗ್ಲಿಷರ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕರಂತೆ. ಇವರು ಬೆನೆ ಇಸ್ರಾಯೇಲರು ಅಂತ ತಿಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಹೆಸರಿರುವ ಜನ ಇವರು, ಕೊಲ್ಲಬೇಡ ಅಂದರಂತೆ. ಬದುಕಿ ಬಂದ ದಿವೇಕರ್ 1796ರಲ್ಲಿ ಮುಂಬೈಯಲ್ಲಿ ಸಿನಗಾಗ್ ಕಟ್ಟಿಸಿದರು. ಅದು ಈಗಲೂ ಇದೆ, ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿ. ಸಿನಗಾಗನ್ನೂ ಮಸೀದಿ ಅನ್ನುತ್ತಿದ್ದರು, ಮಸೀದಿ ಬಂದರ್ ಸ್ಟೇಷನ್ನಿಗೆ ಹೆಸರು ಬಂದದ್ದೂ ಅದರಿಂದಲೇ ಅಂತ ಆಜೋಬಾ ಪ್ರತಿ ಸಲ ಸೇರಿಸುತ್ತಾರೆ.

ಹೊಸ ವರ್ಷ ರೋಶ್ ಹಶಾನಾಕ್ಕೆ ಚೀಕಾಚಾ ಹಲ್ವಾ. ನಮ್ಮ ಗೋಧಿ ಹಾಲುಬಾಯಿಯ ಸೋದರಿ ಅನ್ನಿ. ಗೋಧಿ ನೆನೆಸಿ, ರುಬ್ಬಿ, ಹಾಲು ತೆಗೆದು, ತಿಳಿನೀರು ಬಸಿದು, ತೆಂಗಿನಹಾಲು ಸಕ್ಕರೆ ಹಾಕಿ ತಿರುವುತ್ತಲೇ ಇರಬೇಕು. ಹಸುವಿನ ಹಾಲಿಲ್ಲ, ಕಾರಣ ಗೊತ್ತೇ ಇದೆ. ಚೈನಾಗ್ರಾಸ್ ಹಾಕಿ ಬೇಗ ಮುಗಿಸುವವರಿದ್ದಾರೆ. ಅದು ನಡುಗುತ್ತದೆ ಅಷ್ಟೇ, ಹಲ್ಲಿಗೆ ಹಿತವಾಗಿ ಎಳೆಯುವುದಿಲ್ಲ. ದೊಡ್ಡ ಪಾತ್ರೆಯಾದರೆ ಮೂರು ಜನ ಸರದಿಯಲ್ಲಿ ತಿರುವಿ, ಅಂಚು ಬಿಡುತ್ತಾ ಬಂದಾಗ ಗುಲಾಬಿ ಬಣ್ಣ ಹಾಕಿ, ತಟ್ಟೆಗೆ ಸುರಿಯಿರಿ. ಪೂರ್ತಿ ಆರುವ ತನಕ ಚಾಕು ಮುಟ್ಟಿಸಬೇಡಿ. ಮನೆ ಬಿಟ್ಟು ಹೊರಗೆ ಬರಲಾಗದ ಹಿರಿಯರಿಗೆ ಡಬ್ಬಿ ಕಟ್ಟುವುದಾದರೆ ಅವರದ್ದನ್ನೇ ಮೊದಲು ಕತ್ತರಿಸಿ ತೆಗೆದಿಡಿ. ಹುಡುಗರು ಒಳಗೆ ಬಂದರೆ ಆಮೇಲೆ ಉಳಿಯುವುದು ಮೂಲೆ ತುಂಡು ಮಾತ್ರ.